ಪ್ರಸಾರದ ವಿಜ್ಞಾನ ಪುಸ್ತಕವಾದರೆ

ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿ ಐಯುಕಾ ಎಂಬ ಖಗೋಳ ಸಂಶೋಧನಾ ಕೇಂದ್ರವಿದೆ. ಅಲ್ಲಿನ ಮಕ್ಕಳ ವಿಜ್ಞಾನ ಕೇಂದ್ರದ ಕಟ್ಟಡಕ್ಕೆ ‘ಪುಲಸ್ತ್ಯ’ ಎಂದು ಸಪ್ತರ್ಷಿಗಳಲ್ಲೊಬ್ಬನ ಹೆಸರು. ಅದಕ್ಕೆ ಹಣ ಬಂದದ್ದು ಮರಾಠಿ ಲೇಖಕ ಪು.ಲ. ದೇಶಪಾಂಡೆ ಅವರ ಪ್ರತಿಷ್ಠಾನದಿಂದ. ಪು.ಲ. ಕೆಲಕಾಲ ಬೆಳಗಾವಿಯಲ್ಲಿ ಪಾಠ ಹೇಳಿದವರು, ಆಮೇಲೆ ಆಕಾಶವಾಣಿಯಲ್ಲೂ ಆರಂಭದ ದಿನಗಳ ದೂರದರ್ಶನದಲ್ಲೂ ದುಡಿದವರು. ಅವರ ನೆನಪು ಇಲ್ಲಿ ಉಳಿದಿರುವುದು ಉಚಿತವೇ. ಏಕೆಂದರೆ ವಿಜ್ಞಾನವನ್ನು ಜನರಿಗೆ ಪ್ರಸಾರ ಮಾಡುವ ಎರಡು ಬೇರೆ ಬೇರೆ ದಾರಿಗಳು ಕೂಡಿದ್ದು ಇದೇ ಆವರಣದಲ್ಲಿ. ಒಂದು, ಐಯುಕಾದ ಸ್ಥಾಪಕ ನಿರ್ದೇಶಕ ಜಯಂತ ನಾರ್ಳೀಕರ್ ಅವರದು. ಇನ್ನೊಂದು, ಇಲ್ಲಿನ ಮಕ್ಕಳ ಕೇಂದ್ರದಲ್ಲಿ ಆಟಿಕೆಗಳ ಮೂಲಕ ವಿಜ್ಞಾನ ಕಲಿಸಿದ ಅರವಿಂದ ಗುಪ್ತ ಅವರದು.

ನಾರ್ಳೀಕರ್ ಅವರ ದಾರಿಯ ಮೂಲ ಕೇಂಬ್ರಿಜ್‌ನಲ್ಲಿದೆ. ಅವರ ಗುರು ಫ್ರೆಡ್ ಹಾಯ್ಲ್ 1950ರಲ್ಲಿ ಬಿಬಿಸಿ ರೇಡಿಯೊದಲ್ಲಿ ವಿಶ್ವದ ಬಗ್ಗೆ ಸರಣಿ ಭಾಷಣ ಮಾಡಿದರು. ಅದೇ ವರ್ಷ ಅವು ‘ದ ನೇಚರ್ ಆಫ್ ದ ಯೂನಿವರ್ಸ್’ ಎಂಬ ಪುಸ್ತಕವಾದವು. ರೇಡಿಯೊ ವಿಜ್ಞಾನ ಪುಸ್ತಕವಾದದ್ದಕ್ಕೆ ಇದಕ್ಕಿಂತ ಪ್ರಸಿದ್ಧ ಉದಾಹರಣೆ ಕಡಿಮೆ. ಚಿತ್ರವಿಲ್ಲದ ಮಾಧ್ಯಮದಲ್ಲಿ ಮಾತಿನಿಂದಲೇ ಚಿತ್ರ ಕಟ್ಟುವ ಶಕ್ತಿ ಹಾಯ್ಲ್ ಅವರಿಗಿತ್ತು. ಆದರೆ ವಿಶ್ವಕ್ಕೆ ಆದಿಯಿಲ್ಲ ಎಂಬ ತಮ್ಮ ಸಿದ್ಧಾಂತವನ್ನು ಅವರು ಬಲು ಗಟ್ಟಿದನಿಯಲ್ಲಿ ಹೇಳಿದ್ದರು. ರೇಡಿಯೊದಲ್ಲಿ ಅಂಥ ದನಿ ಹಿತವೇ. ಅಚ್ಚಾದ ಮೇಲೆ ಅದೇ ದನಿ ತೀರ್ಪಾಗಿಬಿಡುತ್ತದೆ. ವಿಶ್ವಕ್ಕೆ ಆದಿಯಿತ್ತು ಎಂಬ ಮಹಾಸ್ಫೋಟ ಸಿದ್ಧಾಂತಕ್ಕೆ ಬಲ ಕೊಟ್ಟ ಹಿನ್ನೆಲೆ ವಿಕಿರಣ 1965ರಲ್ಲಿ ಪತ್ತೆಯಾದ ಬಳಿಕ ಆ ಪುಟಗಳು ಸೊಗಸಾದ ಗದ್ಯವಾಗಿ ಉಳಿದವು, ಆದರೆ ಓದುಗನಿಗೆ ಅವನ್ನು ಪರೀಕ್ಷಿಸಿ ನೋಡುವ ದಾರಿ ಅಲ್ಲಿರಲಿಲ್ಲ. ನಂಬಬೇಕು, ಇಲ್ಲವೇ ಬಿಡಬೇಕು.

ನಾರ್ಳೀಕರ್ ಕೂಡ ಮಹಾಸ್ಫೋಟವನ್ನು ಕೊನೆಯವರೆಗೂ ಒಪ್ಪಲಿಲ್ಲ. 1990ರ ದಶಕದಲ್ಲಿ ದೂರದರ್ಶನಕ್ಕೆ ‘ಬ್ರಹ್ಮಾಂಡ’ ಸರಣಿ ಕೊಟ್ಟರು, ಮರಾಠಿಯಲ್ಲಿ ವಿಜ್ಞಾನ ಕತೆಗಳನ್ನು ಬರೆದರು. ನನ್ನ ಮಟ್ಟಿಗೆ ಅವರ ದೊಡ್ಡತನ ಇನ್ನೊಂದು ಚಿಕ್ಕ ಪದ್ಧತಿಯಲ್ಲಿದೆ. ಹಸ್ತಾಕ್ಷರ ಕೇಳಿ ಬಂದ ಮಕ್ಕಳಿಗೆ, ‘ಪೋಸ್ಟ್‌ಕಾರ್ಡಿನಲ್ಲಿ ಒಂದು ಪ್ರಶ್ನೆ ಬರೆದು ಕಳಿಸಿ’ ಎನ್ನುತ್ತಿದ್ದರು. ಉತ್ತರ ಬರೆದು ಅದರ ಕೆಳಗೆ ಸಹಿ ಹಾಕುತ್ತಿದ್ದರು. ಪ್ರಸಾರಕ್ಕೆ ಇಲ್ಲದ ಕಿವಿಯನ್ನು ಅಂಚೆಯ ಮೂಲಕ ಒದಗಿಸಿದ ಹಾಗೆ.

ಅರವಿಂದ ಗುಪ್ತ ಐಐಟಿ ಕಾನ್ಪುರದಲ್ಲಿ ಓದಿ ಪುಣೆಯ ಟೆಲ್ಕೊದಲ್ಲಿ ಎಂಜಿನಿಯರ್ ಆಗಿದ್ದವರು. 1978ರಲ್ಲಿ ರಜೆ ಹಾಕಿ ಹೋಶಂಗಾಬಾದಿನ ಹಳ್ಳಿಶಾಲೆಗಳ ವಿಜ್ಞಾನ ಕಾರ್ಯಕ್ರಮಕ್ಕೆ ಹೋದರು. ಅಲ್ಲಿ ಅವರ ಕೈಗೆ ಸಿಕ್ಕದ್ದು ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬು. ಟ್ಯೂಬಿನ ತುಂಡಿಗೆ ಎರಡೂ ಕಡೆಯಿಂದ ಕಡ್ಡಿ ತೂರಿಸಿದರೆ ಕೀಲು ಸಿದ್ಧ. ನಡುವೆ ಮುಳ್ಳಿನಿಂದ ತೂತು ಮಾಡಿ ಇನ್ನೊಂದು ಕಡ್ಡಿ ಸಿಕ್ಕಿಸಿದರೆ ಮೂರು ಕಡ್ಡಿಯ ಕೀಲು. ಚೌಕ ಕಟ್ಟಿ ಒತ್ತಿದರೆ ಓರೆಯಾಗುತ್ತದೆ, ಪಂಚಭುಜ ಕುಸಿಯುತ್ತದೆ, ತ್ರಿಕೋನ ಮಾತ್ರ ಅಲುಗುವುದಿಲ್ಲ. ಮೂರು ಬಾಹುಗಳ ಉದ್ದ ಗೊತ್ತಾದರೆ ಆಕಾರ ಒಂದೇ. ಬದಲಾಗಲು ಜಾಗವೇ ಇಲ್ಲ. ರೈಲು ಸೇತುವೆಯಲ್ಲೂ ವಿದ್ಯುತ್ ಗೋಪುರದಲ್ಲೂ ತ್ರಿಕೋನಗಳೇ ಯಾಕೆ ಎಂಬುದು ಮಗುವಿನ ಬೆರಳಿಗೆ ತಿಳಿದುಹೋಗುತ್ತದೆ. ಇದರಿಂದ ಹುಟ್ಟಿದ ಬೆಂಕಿಕಡ್ಡಿಯ ಪುಸ್ತಕ ಹಲವು ಭಾರತೀಯ ಭಾಷೆಗಳಿಗೆ ಹೋಯಿತು. ಗುಪ್ತ ಅವರ ನೂರಕ್ಕೂ ಹೆಚ್ಚು ಕಿರುಚಿತ್ರಗಳು ದೂರದರ್ಶನದಲ್ಲಿ ಬಂದವು.

ಪುಸ್ತಕ, ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಪುಸ್ತಕವೇ ಮೇಲು. ಚಿತ್ರದಲ್ಲಿ ಪಳಗಿದ ಕೈ ಒಂದೆರಡು ನಿಮಿಷದಲ್ಲಿ ಆಟಿಕೆ ಮುಗಿಸಿಬಿಡುತ್ತದೆ. ಕಡ್ಡಿ ಮುರಿಯುವುದಿಲ್ಲ, ಟ್ಯೂಬು ಸೀಳುವುದಿಲ್ಲ. ನೋಡಿದ ಮಗುವಿಗೆ ಬೆರಗು ಸಿಗುತ್ತದೆ, ತಾನು ಮಾಡುವಾಗ ಯಾಕೆ ಕೆಟ್ಟಿತು ಎಂಬುದಕ್ಕೆ ಉತ್ತರ ಸಿಗುವುದಿಲ್ಲ. ಪುಸ್ತಕದ ರೇಖಾಚಿತ್ರ ಅವಸರ ಮಾಡುವುದಿಲ್ಲ. ಮೂರನೇ ಹೆಜ್ಜೆಯಲ್ಲಿ ಎಡವಿದವರು ಎರಡನೆಯದಕ್ಕೆ ಮರಳಬಹುದು. ಹಾಯ್ಲ್ ಅವರ ಪುಸ್ತಕದಲ್ಲಿ ಇಲ್ಲದ್ದು ಇದೇ: ಹೇಳಿದ್ದು ಸರಿಯೇ ಎಂದು ಓದುಗನೇ ನೋಡಿಕೊಳ್ಳುವ ಅವಕಾಶ. ಆದ್ದರಿಂದಲೇ ಬೆಂಕಿಕಡ್ಡಿಯ ಪುಸ್ತಕ ಹಳತಾಗಿಲ್ಲ. ಗುಪ್ತ ಅವರು ತಮ್ಮ ಜಾಲತಾಣದಲ್ಲಿ ಪುಸ್ತಕಗಳನ್ನೂ ಚಿತ್ರಗಳನ್ನೂ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟದ್ದನ್ನೂ ಈ ಕೃತಿಯ ಗುಣವೆಂದೇ ಎಣಿಸುತ್ತೇನೆ.

ಸರ್ಕಾರಿ ಪ್ರಸಾರಕ್ಕೆ ಇಂಥ ಶಕ್ತಿ ಇರಲಿಲ್ಲವೆಂದಲ್ಲ. 1991ರಲ್ಲಿ ಶುರುವಾದ ‘ಮಾನವ ವಿಕಾಸ’ ಬಾನುಲಿ ಸರಣಿ ಭಾನುವಾರ ಬೆಳಗ್ಗೆ 18 ಭಾಷೆಗಳಲ್ಲಿ ಬರುತ್ತಿತ್ತು; ಲಕ್ಷದಷ್ಟು ಮಕ್ಕಳು ಕೇಳುಗರಾಗಿ ಹೆಸರು ಕೊಟ್ಟಿದ್ದರು. ಅಷ್ಟು ದೊಡ್ಡ ಕೆಲಸದ ಬರಹಗಳು ಬೆಂಕಿಕಡ್ಡಿ ಪುಸ್ತಕದಷ್ಟು ಸಲೀಸಾಗಿ ಇವತ್ತಿನ ಕನ್ನಡ ಶಾಲೆಯ ಮಗುವಿನ ಕೈಗೆ ಸಿಗಬೇಕಿತ್ತು. ಸಾರ್ವಜನಿಕರ ಹಣದಲ್ಲಿ ತಯಾರಾದ ಬರಹ ಒಂದು ಬೆಳಗಿನ ಪ್ರಸಾರಕ್ಕೆ ಮುಗಿಯಬಾರದು. ಆಕಾಶವಾಣಿ ತನ್ನ ಕನ್ನಡ ವಿಜ್ಞಾನ ಸರಣಿಗಳ ಹಸ್ತಪ್ರತಿಗಳನ್ನು ಹೊರತೆಗೆದು, ಸಂಪಾದಿಸಿ, ರೇಖಾಚಿತ್ರ ಸೇರಿಸಿ, ಯಾರು ಬೇಕಾದರೂ ನಕಲು ಮಾಡಿಕೊಳ್ಳುವ ಹಾಗೆ ಪ್ರಕಟಿಸಲಿ.