ಮೊದಲು ಉರಿ ತಗ್ಗಲಿ, ಆಮೇಲೆ ಗಾಳಿ

ಹಾಲು ಉಕ್ಕಿ ಬರುವಾಗ ಬಾಯಿಂದ ಊದಿದರೆ ನೊರೆ ಒಂದು ಕ್ಷಣ ಇಳಿಯುತ್ತದೆ. ಒಲೆಯ ಸೌದೆಯನ್ನು ಹಿಂದಕ್ಕೆ ಎಳೆದರೆ ಹಾಲು ಪಾತ್ರೆಯಲ್ಲೇ ಉಳಿಯುತ್ತದೆ. ಗೇಮಿಂಗ್ ಲ್ಯಾಪ್‌ಟಾಪ್ ಕಾದಾಗ ನಾವು ಬಹುಮಟ್ಟಿಗೆ ಊದುತ್ತಾ ನಿಲ್ಲುತ್ತೇವೆ. ಫ್ಯಾನ್ ಇರುವ ಕೂಲಿಂಗ್ ಪ್ಯಾಡ್ ತಂದು ಅಡಿಗಿಡುತ್ತೇವೆ, ಒಳಗಿನ ಉರಿ ಎಷ್ಟಿದೆ ಎಂದು ನೋಡುವುದಿಲ್ಲ. ಯುಗಾದಿ ಕಳೆದು ಮುಂಗಾರು ಹಿಡಿಯುವವರೆಗೆ ರಜೆಯೂ ಸೆಕೆಯೂ ಜೊತೆಯಾಗಿ ಬರುತ್ತವೆ, ಆಟ ನಾಲ್ಕೈದು ಗಂಟೆಗೆ ಬೆಳೆಯುತ್ತದೆ. ಈ ದಿನಗಳಲ್ಲಾದರೂ ಕ್ರಮ ಬದಲಾಗಬೇಕು ಎಂಬುದು ನನ್ನ ವಾದ: ಮೊದಲು ಹುಟ್ಟುವ ಬಿಸಿಯನ್ನೇ ಕಡಿಮೆ ಮಾಡಬೇಕು, ಆಮೇಲೆ ಅದು ಹೊರಹೋಗುವ ದಾರಿ ತೆರವಾಗಬೇಕು. ಪ್ಯಾಡಿನ ಸರದಿ ಕೊನೆಯದು.

ಬಿರುಸಿನ ಆಟದ ನಡುವೆ ಇಂಥ ಲ್ಯಾಪ್‌ಟಾಪ್ 150ರಿಂದ 200 ವಾಟ್ ವಿದ್ಯುತ್ ಎಳೆಯುವುದು ಸಾಮಾನ್ಯ. ಅದೆಲ್ಲವೂ ಕಡೆಗೆ ಬಿಸಿಯಾಗಿಯೇ ಹೊರಬರುತ್ತದೆ. ಹಳೆಯ 60 ವಾಟಿನ ಮೂರು ಬಲ್ಬುಗಳನ್ನು ತೆಳುವಾದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಂತೆ. ಆ ಬಿಸಿಯನ್ನು ಸಾಗಿಸುವುದು ತಾಮ್ರದ ಹೀಟ್ ಪೈಪ್. 1963ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ಬಳಕೆಗೆ ತಂದ ಈ ಕೊಳವೆಯಲ್ಲಿ ಇಂದು ತುಸುವೇ ನೀರಿರುತ್ತದೆ. ಅದು ಚಿಪ್ಪಿನ ಬಳಿ ಆವಿಯಾಗಿ, ಫ್ಯಾನಿನ ಪಕ್ಕದ ತೆಳು ಲೋಹದ ಹಲ್ಲುಗಳ ಬಳಿ ತಣಿದು ಮತ್ತೆ ನೀರಾಗಿ ಹಿಂದಿರುಗುತ್ತದೆ. ಬರುವ ಬಿಸಿಯನ್ನು ಈ ಏರ್ಪಾಟು ಸಾಗಿಸಲಾರದೆ ಹೋದಾಗ ಪ್ರೊಸೆಸರ್ 95ರಿಂದ 100 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ಆಟ ತಡವರಿಸುವುದು ಆಗಲೇ.

ಉರಿ ತಗ್ಗಿಸುವ ಮೊದಲ ಉಪಾಯಕ್ಕೆ ಕಾಸು ಖರ್ಚಿಲ್ಲ. ಮಿತಿ ಹಾಕದಿದ್ದರೆ ಹಲವು ಆಟಗಳು ಪರದೆ ತೋರಿಸಲಾಗದಷ್ಟು ಫ್ರೇಮುಗಳನ್ನೂ ಬಿಡಿಸುತ್ತಲೇ ಇರುತ್ತವೆ. ಅಷ್ಟೂ ವ್ಯರ್ಥವಾದ ಬಿಸಿ. ಕಥೆಯ ಆಟಕ್ಕೆ ಸೆಕೆಂಡಿಗೆ 60 ಫ್ರೇಮ್ ಎಂದು ಮಿತಿ ಹಾಕಿದರೆ ಗ್ರಾಫಿಕ್ಸ್ ಚಿಪ್ ನಡುನಡುವೆ ಉಸಿರಾಡುತ್ತದೆ. ಎರಡನೆಯದು ವೋಲ್ಟೇಜ್ ಇಳಿಸುವುದು. ಚಿಪ್ಪಿನ ವಿದ್ಯುತ್ ಬಳಕೆಯ ದೊಡ್ಡ ಪಾಲು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಅದೇ ವೇಗದಲ್ಲಿ ವೋಲ್ಟೇಜ್ ಶೇ 10ರಷ್ಟು ಇಳಿದರೆ ಆ ಪಾಲು ಶೇ 19ರಷ್ಟು ಇಳಿಯುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ತಯಾರಕರು ಈ ದಾರಿ ಮುಚ್ಚಿದ್ದಾರೆ. ಅಲ್ಲಿ ಪ್ರೊಸೆಸರಿನ ಟರ್ಬೊ ವೇಗಕ್ಕೆ ಕಡಿವಾಣ ಹಾಕಿದರೂ ಬಿಸಿ ಎದ್ದು ಕಾಣುವಷ್ಟು ಇಳಿಯುತ್ತದೆ.

ಇನ್ನು ದಾರಿ. ತುಮಕೂರು ರಸ್ತೆಯಲ್ಲಿ ನೆಲಮಂಗಲಕ್ಕೆ ಅಂಟಿಕೊಂಡಿರುವ ಅರಿಶಿನಕುಂಟೆಯಂಥ ಊರಿನಲ್ಲಿ ಇದು ದೊಡ್ಡ ಪ್ರಶ್ನೆ. ಹೆದ್ದಾರಿಯ ಲಾರಿಗಳು, ಸುತ್ತಲಿನ ಗೋದಾಮುಗಳು, ಏಳುತ್ತಲೇ ಇರುವ ಕಟ್ಟಡಗಳು ಎಬ್ಬಿಸುವ ಧೂಳು ಮನೆಯೊಳಗೆ ಬಂದು ಬಟ್ಟೆಯ ನಾರಿನ ಜೊತೆ ಬೆರೆಯುತ್ತದೆ. ಫ್ಯಾನಿಗೂ ಲೋಹದ ಹಲ್ಲುಗಳಿಗೂ ನಡುವೆ ಕಂಬಳಿಯ ತುಂಡಿನಂತೆ ಕೂರುತ್ತದೆ. ಅದಿರುವವರೆಗೆ ಹೊರಗಿನ ಪ್ಯಾಡ್ ಎಷ್ಟು ಬೀಸಿದರೂ ಗಾಳಿ ದಾಟದು. ಆದ್ದರಿಂದ ಇಲ್ಲಿ ಮೂರು ತಿಂಗಳಿಗೊಮ್ಮೆ ಯಂತ್ರ ಆರಿಸಿ, ಫ್ಯಾನಿನ ರೆಕ್ಕೆ ತಿರುಗದಂತೆ ಕಡ್ಡಿಯಿಂದ ತಡೆದು, ಬ್ಲೋವರ್ ಹಿಡಿದು ಶುಚಿ ಮಾಡುವುದು ಒಳ್ಳೆಯದು. ಹಾಸಿಗೆಯ ಮೇಲಿಟ್ಟು ಆಡುವುದನ್ನು ಬಿಡಬೇಕು. ಗಾಳಿ ಎಳೆಯುವ ಕಿಂಡಿಗಳು ಹೆಚ್ಚಾಗಿ ಅಡಿಯಲ್ಲೇ ಇರುತ್ತವೆ. ಗಟ್ಟಿ ಮೇಜಿನ ಮೇಲೆ, ಕಿಂಡಿಗೆ ಅಡ್ಡವಾಗದಂತೆ ಹಿಂಬದಿಗೆ ಎರಡು ಮರದ ತುಂಡು ಕೊಟ್ಟು ಒಂದಂಗುಲ ಎತ್ತಿದರೆ, ಸಾಧಾರಣ ಪ್ಯಾಡ್ ಮಾಡುವ ಕೆಲಸದಲ್ಲಿ ಬಹುಪಾಲು ಆಗಿಹೋಗುತ್ತದೆ.

ಕೋಣೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸುತ್ತಲಿನ ಗಾಳಿ ಹತ್ತು ಡಿಗ್ರಿ ಏರಿದರೆ, ಅದೇ ಕೆಲಸಕ್ಕೆ ಚಿಪ್ ಕೂಡ ಹೆಚ್ಚುಕಡಿಮೆ ಹತ್ತು ಡಿಗ್ರಿ ಏರುತ್ತದೆ. ಸುಮಾರು 900 ಮೀಟರ್ ಎತ್ತರದ ಈ ಸೀಮೆ ತಂಪು ಎಂಬ ಹೆಸರಿದೆ, ಆದರೆ 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡಿದೆ. ಇದೇ ಎತ್ತರದಿಂದಾಗಿ ಗಾಳಿಯ ಸಾಂದ್ರತೆ ಮಂಗಳೂರಿನ ಕಡಲತಡಿಗಿಂತ ಶೇ 8ರಷ್ಟು ಕಡಿಮೆ. ಫ್ಯಾನ್ ಅಷ್ಟೇ ತಿರುಗಿದರೂ ಹೊತ್ತೊಯ್ಯುವ ಬಿಸಿ ಸ್ವಲ್ಪ ಕಡಿಮೆಯೇ. ಜೊತೆಗೆ ತಾರಸಿಯ ಕಾಂಕ್ರೀಟು ಹಗಲೆಲ್ಲ ಹೀರಿದ ಬಿಸಿಲನ್ನು ರಾತ್ರಿ, ಆಟ ಜೋರಾಗುವ ಹೊತ್ತಿಗೇ, ಮಹಡಿಯ ಕೋಣೆಗೆ ಇಳಿಸುತ್ತದೆ. ಎದುರುಬದುರು ಕಿಟಕಿ ತೆರೆದು ರಾತ್ರಿಯ ತಂಗಾಳಿ ಹಾಯಿಸುವುದು, ಸಾಧ್ಯವಾದರೆ ನೆಲದ ಅಂತಸ್ತಿಗೆ ಆಟವನ್ನು ಸಾಗಿಸುವುದು, ಎರಡೂ ಫಲ ಕೊಡುತ್ತವೆ.

ಫ್ರೇಮ್ ಕಡಿತ ಮಾಡುವುದಾದರೆ ದುಬಾರಿ ಯಂತ್ರ ಏಕೆ ಕೊಳ್ಳಬೇಕಿತ್ತು ಎಂದು ಕೇಳುವವರಿದ್ದಾರೆ. ಮೊದಲ ಹತ್ತು ನಿಮಿಷ 110 ಫ್ರೇಮ್ ಕೊಟ್ಟು ಆಮೇಲೆ 50ಕ್ಕೂ 90ಕ್ಕೂ ನಡುವೆ ಹೊಯ್ದಾಡುವ ಯಂತ್ರಕ್ಕಿಂತ, ನಾಲ್ಕು ಗಂಟೆಯೂ 75ರಲ್ಲಿ ಕದಲದೆ ನಿಲ್ಲುವ ಯಂತ್ರ ಕೈಗೂ ಕಣ್ಣಿಗೂ ಹಿತ. ಗುರಿಯಿಟ್ಟು ಹೊಡೆಯುವ ಸ್ಪರ್ಧೆಯ ಆಟಗಳಲ್ಲಿ ಹೆಚ್ಚು ಫ್ರೇಮ್ ಬೇಕೆಂಬುದು ನಿಜ. ಅಲ್ಲಿ ಚಿತ್ರದ ಗುಣಮಟ್ಟ ಇಳಿಸಿದರೆ ಉರಿ ಇಳಿಯುತ್ತದೆ. ಚಿಪ್ 95 ಡಿಗ್ರಿ ತಾಳಲೆಂದೇ ತಯಾರಾಗಿದೆ, ಚಿಂತೆ ಏಕೆ ಎಂಬ ಆಕ್ಷೇಪವೂ ಇದೆ. ಚಿಪ್ ತಾಳುತ್ತದೆ, ಒಪ್ಪೋಣ. ಅದೇ ಪೆಟ್ಟಿಗೆಯಲ್ಲಿರುವ ಲಿಥಿಯಂ ಬ್ಯಾಟರಿ ಬಿಸಿಗೆ ಬೇಗ ಮುಪ್ಪಾಗುತ್ತದೆ, ಪೂರ್ತಿ ತುಂಬಿಕೊಂಡು ಬಿಸಿಯಲ್ಲಿ ಕೂತರಂತೂ ಇನ್ನೂ ಬೇಗ. ಅದಕ್ಕೇ ಚಾರ್ಜನ್ನು ಶೇ 80ಕ್ಕೆ ನಿಲ್ಲಿಸುವ ಸೌಲಭ್ಯವಿದ್ದರೆ ಬಳಸಬೇಕು.

ಪ್ಯಾಡ್ ನಿಷ್ಪ್ರಯೋಜಕ ಎನ್ನುತ್ತಿಲ್ಲ. ಅಂಚಿಗೆ ಫೋಮ್ ಇದ್ದು ಗಾಳಿಯನ್ನು ಸೋರಲು ಬಿಡದೆ ಕಿಂಡಿಯೊಳಗೆ ನುಗ್ಗಿಸುವಂಥವು ನಿಜಕ್ಕೂ ಕೆಲಸ ಮಾಡುತ್ತವೆ. ಆದರೆ ಗದ್ದಲ ಹೆಚ್ಚು. ಸೋಸುವ ಜಾಲರಿ ಇಲ್ಲದಿದ್ದರೆ ಅರಿಶಿನಕುಂಟೆಯ ಧೂಳನ್ನೂ ಒಳಗೆ ತಳ್ಳುತ್ತವೆ. ಕೊಳ್ಳುವ ಮುನ್ನ ಒಂದು ಪರೀಕ್ಷೆ ಮಾಡಿ. ಮೇಲಿನದೆಲ್ಲ ಮುಗಿಸಿ, ಆಟದ ಒಂದೇ ಜಾಗದಲ್ಲಿ ಐದನೆಯ ನಿಮಿಷದ ಫ್ರೇಮ್ ಎಣಿಕೆಯನ್ನೂ ಒಂದು ಗಂಟೆಯ ನಂತರದ ಎಣಿಕೆಯನ್ನೂ ಬರೆದಿಟ್ಟುಕೊಳ್ಳಿ. ಎರಡೂ ಒಂದೇ ಆಗಿದ್ದರೆ ಪ್ಯಾಡಿನ ದುಡ್ಡು ನಿಮ್ಮ ಬಳಿಯೇ ಇರಲಿ.