ಅಂಕಿತವಿಲ್ಲದ ಪಾತ್ರೆ: ಆಧುನಿಕ ಜಪಾನಿನ ಕುಂಭಕಲೆಯಲ್ಲಿ ಹೆಸರಿನ ಪ್ರಶ್ನೆ

ಇಪ್ಪತ್ತನೆಯ ಶತಮಾನದ ಜಪಾನಿನ ಕುಂಭಕಲೆಯನ್ನು ಕುರಿತ ಬರವಣಿಗೆಯಲ್ಲಿ ಮತ್ತೆ ಮತ್ತೆ ಎದುರಾಗುವ ಪದ ‘ಮಿಂಗೇಯಿ’. ಜನಸಾಮಾನ್ಯರ ಕರಕುಶಲ ಕಲೆ ಎಂಬ ಅರ್ಥದ ಈ ಪದವನ್ನು ಚಿಂತಕ ಯಾನಾಗಿ ಸೋಯೆತ್ಸು (1889-1961) ಹಾಗೂ ಕುಂಭಕಲಾವಿದರಾದ ಹಮಾದಾ ಶೋಜಿ (1894-1978), ಕವಾಯಿ ಕಾಂಜಿರೋ (1890-1966) ಅವರು 1925ರ ಕೊನೆಯ ಹೊತ್ತಿಗೆ ರೂಪಿಸಿದರು. ಮರುವರ್ಷ, ಇಂಥ ವಸ್ತುಗಳ ಸಂಗ್ರಹಾಲಯವೊಂದರ ಸ್ಥಾಪನೆಗಾಗಿ ಹೊರಡಿಸಿದ ಪ್ರಕಟಣೆಗೆ ಈ ಮೂವರೊಡನೆ ತೊಮಿಮೊತೊ ಕೆಂಕಿಚಿ (1886-1963) ಅವರೂ ಸಹಿ ಹಾಕಿದರು. ಹೆಸರಿಲ್ಲದವರ ಕೈಯಿಂದ ಬಂದ ವಸ್ತುವನ್ನು ಎತ್ತಿ ಹಿಡಿಯಲು ಹೊರಟ ಪತ್ರದ ಕೆಳಗೆ ಹೀಗೆ ನಾಲ್ಕು ಹೆಸರುಗಳಿದ್ದವು. ಇದನ್ನು ವಿನೋದದ ಸಂಗತಿಯೆಂದು ಬದಿಗಿಡುವಂತಿಲ್ಲ. ಈ ನಾಲ್ವರ ಮುಂದಿನ ಬದುಕು ಈ ವಿರೋಧಾಭಾಸದ ಸುತ್ತಲೇ ಬೆಳೆದಿದೆ.

ಯಾನಾಗಿಯವರ ವಾದದ ತಿರುಳು ಸರಳವಾದದ್ದು. ದಿನಬಳಕೆಗಾಗಿ, ಅಗ್ಗವಾಗಿ, ಹೇರಳವಾಗಿ, ಪರಂಪರೆಯಿಂದ ಬಂದ ಕ್ರಮದಲ್ಲಿ ಮಾಡಿದ ವಸ್ತುವಿನಲ್ಲಿ ಸೌಂದರ್ಯ ತಾನಾಗಿ ನೆಲೆಸುತ್ತದೆ. ಮಾಡುವವನ ಅಹಂಕಾರ ಅಡ್ಡಬಂದಾಗ ಅದು ಕುಂದುತ್ತದೆ. ಜಪಾನಿನ ಸುಖಾವತಿ ಬೌದ್ಧಪಂಥದಲ್ಲಿ ಸಾಧಕನು ಸ್ವಬಲವನ್ನು ನೆಚ್ಚದೆ ಅಮಿತಾಭನ ಕರುಣೆಯ ಬಲವನ್ನು ನಂಬುತ್ತಾನಷ್ಟೆ. ಯಾನಾಗಿಯವರು ಅದೇ ತತ್ತ್ವವನ್ನು ತಿಗರಿಯ ಮುಂದೆ ಕುಳಿತ ಕುಂಬಾರನಿಗೆ ಅನ್ವಯಿಸಿದರು. ಅವರ ಪಾಲಿಗೆ ಇದರ ಪರಮ ನಿದರ್ಶನ ಕ್ಯೋತೊ ನಗರದ ದೈತೊಕುಜಿ ವಿಹಾರದ ಕೊಹೋಅನ್‌ನಲ್ಲಿರುವ ‘ಕಿಜಾಯೆಮೊನ್’ ಚಹಾ ಬೋಗುಣಿ. ಹದಿನಾರನೆಯ ಶತಮಾನದ ಕೊರಿಯಾದಲ್ಲಿ ಯಾವನೋ ಕುಂಬಾರ ಬಡವರ ಊಟಕ್ಕೆಂದು ತಿರುಗಿಸಿದ ಬಟ್ಟಲು ಇದೆಂದು ಅವರು ನಂಬಿದ್ದರು. ಅದು ನಿಜಕ್ಕೂ ಊಟದ ಬಟ್ಟಲೇ ಎಂಬ ಬಗ್ಗೆ ಇಂದಿನ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇನ್ನೂ ಗಮನಿಸಬೇಕಾದ ಮಾತೆಂದರೆ, ಕಿಜಾಯೆಮೊನ್ ಎಂಬುದು ಒಂದು ಕಾಲಕ್ಕೆ ಅದರ ಒಡೆಯನಾಗಿದ್ದ ವ್ಯಾಪಾರಿಯ ಹೆಸರು. ಮಾಡಿದವನ ಹೆಸರು ಅಳಿಯಿತು, ಕೊಂಡವನ ಹೆಸರು ಉಳಿಯಿತು. ಯಾನಾಗಿಯವರು ಈ ಬೋಗುಣಿಯನ್ನು ಕಣ್ಣಾರೆ ಕಂಡ 1931ರಲ್ಲಿ ಕೊರಿಯಾ ಜಪಾನಿನ ವಸಾಹತಾಗಿತ್ತು ಎಂಬುದನ್ನೂ ಮರೆಯಲಾಗದು. ಅವರು ಸಾಮ್ರಾಜ್ಯದ ಕುರುಡು ಬೆಂಬಲಿಗರಾಗಿರಲಿಲ್ಲ. ಸೋಲ್ ನಗರದ ಗ್ವಾಂಗ್‌ಹ್ವಾಮುನ್ ಮಹಾದ್ವಾರವನ್ನು ಕೆಡಹುವುದನ್ನು ವಿರೋಧಿಸಿ 1922ರಲ್ಲಿ ಬರೆದರು, 1924ರಲ್ಲಿ ಅಲ್ಲಿ ಕೊರಿಯಾದ ಜನಕಲೆಯ ಸಂಗ್ರಹಾಲಯ ತೆರೆದರು. ಆದರೂ ಆಳಿಸಿಕೊಂಡ ನಾಡಿನ ಕುಂಬಾರನ ಅನಾಮಿಕತೆಯನ್ನು ಆಧ್ಯಾತ್ಮಿಕ ಗುಣವೆಂದು ಓದುವಾಗ, ಅದು ಅವನು ಆರಿಸಿಕೊಂಡದ್ದೋ ಅವನ ಮೇಲೆ ಬಿದ್ದದ್ದೋ ಎಂಬ ಪ್ರಶ್ನೆ ಅವರ ಬರಹದಲ್ಲಿ ಸಾಕಷ್ಟು ಬಲವಾಗಿ ಏಳುವುದಿಲ್ಲ.

ಈ ತತ್ತ್ವವನ್ನು ಮಣ್ಣಿನಲ್ಲಿ ಬದುಕಲು ಯತ್ನಿಸಿದವರಲ್ಲಿ ಹಮಾದಾ ಪ್ರಮುಖರು. ಅವರು ಕುಂಬಾರರ ಕುಲದಲ್ಲಿ ಹುಟ್ಟಿದವರಲ್ಲ. ತೋಕ್ಯೋದ ಉನ್ನತ ತಾಂತ್ರಿಕ ಶಾಲೆಯಲ್ಲಿ ಓದಿ, ಕ್ಯೋತೊದ ಮೃತ್ಪಾತ್ರ ಪ್ರಯೋಗಾಲಯದಲ್ಲಿ ಕವಾಯಿಯವರೊಡನೆ ಮೆರುಗುಲೇಪಗಳ ರಾಸಾಯನಿಕ ಪರೀಕ್ಷೆ ನಡೆಸಿದ ವಿದ್ಯಾವಂತರು. 1920ರಲ್ಲಿ ಬರ್ನಾರ್ಡ್ ಲೀಚ್ ಅವರೊಡನೆ ಇಂಗ್ಲೆಂಡಿನ ಸೇಂಟ್ ಐವ್ಸ್‌ಗೆ ತೆರಳಿ, ಇಳಿಜಾರಿನಲ್ಲಿ ಮೆಟ್ಟಿಲಾಗಿ ಏರುವ ಪೌರ್ವಾತ್ಯ ಮಾದರಿಯ ಆವಿಗೆಯನ್ನು ಅಲ್ಲಿ ಕಟ್ಟಿದರು. 1923ರಲ್ಲಿ ಲಂಡನ್ನಿನಲ್ಲಿ ಅವರ ಏಕವ್ಯಕ್ತಿ ಪ್ರದರ್ಶನ ನಡೆಯಿತು. ಆ ದಿನಗಳ ಅವರ ಪಾತ್ರೆಗಳ ಬುಡದಲ್ಲಿ ಹೆಸರಿನ ಮುದ್ರೆಯಿದೆ. 1924ರಲ್ಲಿ ಸ್ವದೇಶಕ್ಕೆ ಮರಳಿ ಮಾಶಿಕೊ ಎಂಬ ಹಳ್ಳಿಯನ್ನು ಆರಿಸಿಕೊಂಡ ಮೇಲೆ ಅವರು ಮುದ್ರೆಯನ್ನು ಕೈಬಿಟ್ಟರು. ಮಾಶಿಕೊ ಪ್ರಾಚೀನ ಕುಂಭಕೇಂದ್ರವಲ್ಲ. 1853ರಲ್ಲಿ ಅಲ್ಲಿ ಮೊದಲ ಆವಿಗೆ ಹೊತ್ತಿತು. ನೀರಿನ ಹಂಡೆ, ಉಪ್ಪಿನಕಾಯಿ ಜಾಡಿ, ಚಹಾ ಹೂಜಿಗಳನ್ನು ತೋಕ್ಯೋದ ಅಡುಗೆಮನೆಗಳಿಗೆ ಒದಗಿಸುವುದಷ್ಟೇ ಅದರ ಕಸುಬು. ಅಲ್ಲಿನ ಒರಟು ಮಣ್ಣು, ಅಲ್ಲಿಯದೇ ಕಲ್ಲಿನ ಪುಡಿಯಿಂದ ಬರುವ ಕಂದು ಮೆರುಗು, ಹುಲ್ಲುಬೂದಿ ಇವುಗಳ ಮಿತಿಯೊಳಗೇ ಹಮಾದಾ ಜೀವಮಾನದ ಕೆಲಸ ಮಾಡಿದರು. ಓಕಿನಾವಾದಲ್ಲಿ ಕಂಡ ಕಬ್ಬಿನ ಸೋಗೆಯನ್ನು ನಾಲ್ಕಾರು ಕುಂಚದೆಳೆಗಳಿಗಿಳಿಸಿ, ಅದೊಂದನ್ನೇ ದಶಕಗಳ ಕಾಲ ಬರೆಯುತ್ತ ಬಂದರು.

ಅವರ ದೊಡ್ಡ ತಟ್ಟೆಗಳಲ್ಲಿ ಸೌಟಿನಿಂದ ಮೆರುಗನ್ನು ಒಂದೇ ಬೀಸಿಗೆ ಸುರಿದ ಗೆರೆಗಳಿವೆ. ಹದಿನೈದು ಸೆಕೆಂಡಿನ ಈ ಕೆಲಸ ತೀರ ಸುಲಭವಲ್ಲವೇ ಎಂದು ಕೇಳಿದವರಿಗೆ, ಅದಕ್ಕೆ ಅರವತ್ತು ವರ್ಷಗಳನ್ನೂ ಸೇರಿಸಿಕೊಳ್ಳಬೇಕೆಂದು ಅವರು ಉತ್ತರಿಸಿದ ಪ್ರಸಂಗ ಪ್ರಸಿದ್ಧ. ಸಾಮಾನ್ಯವಾಗಿ ಇದನ್ನು ವಿನಯದ ಮಾತೆಂದು ಉಲ್ಲೇಖಿಸಲಾಗುತ್ತದೆ. ಸೂಕ್ಷ್ಮವಾಗಿ ನೋಡಿದರೆ ಇದು ಕರ್ತೃತ್ವದ ಸ್ಪಷ್ಟ ಘೋಷಣೆ: ಆ ಅರವತ್ತು ವರ್ಷಗಳು ಮಾಶಿಕೊದ ಪರಂಪರೆಯವಲ್ಲ, ಹಮಾದಾ ಅವರೊಬ್ಬರವು.

ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಪಾತ್ರೆಯಲ್ಲಿಲ್ಲ, ಅದರ ಪೆಟ್ಟಿಗೆಯಲ್ಲಿದೆ. ಬೆಲೆಬಾಳುವ ಪಾತ್ರೆಯನ್ನು ಕಿರಿ ಎಂಬ ಹಗುರ ಮರದ ಪೆಟ್ಟಿಗೆಯಲ್ಲಿಟ್ಟು, ಮುಚ್ಚಳದ ಮೇಲೆ ವಸ್ತುವಿನ ಹೆಸರನ್ನೂ ತನ್ನ ಹೆಸರನ್ನೂ ಕಲಾವಿದನೇ ಬರೆದು ಮುದ್ರೆ ಒತ್ತುವುದು ಜಪಾನಿನ ಚಹಾಸಂಸ್ಕೃತಿಯ ರೂಢಿ. ಹಮಾದಾ ಪಾತ್ರೆಗೆ ಅಂಕಿತ ಹಾಕಲಿಲ್ಲ, ಪೆಟ್ಟಿಗೆಗೆ ಹಾಕಿದರು. ಮಾರುಕಟ್ಟೆಯಲ್ಲಿ ಅವರ ಪಾತ್ರೆಯ ಮೌಲ್ಯ ಬಹುಮಟ್ಟಿಗೆ ಆ ಮುಚ್ಚಳವನ್ನೇ ಅವಲಂಬಿಸಿದೆ. ಇದರಲ್ಲಿ ಆಷಾಢಭೂತಿತನವನ್ನು ಹುಡುಕುವುದು ಅನ್ಯಾಯವಾದೀತು. ಪ್ರದರ್ಶನಗಳಿಂದ ಬಂದ ಹಣದಲ್ಲೇ ಆವಿಗೆ ಉರಿಯಬೇಕಿತ್ತು, ಶಿಷ್ಯರು ಕೆಲಸಗಾರರು ಉಣ್ಣಬೇಕಿತ್ತು. ಆದರೆ ಹೆಸರಿನ ತ್ಯಾಗ ಎಂಬುದು ಹೆಸರಿದ್ದವನಿಗೆ ಮಾತ್ರ ಸಾಧ್ಯವಾದ ಕ್ರಿಯೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಮುದ್ರೆಯಿಲ್ಲದಿರುವುದೇ ಹಮಾದಾ ಅವರ ಮುದ್ರೆಯಾಯಿತು.

ಕವಾಯಿಯವರ ಹಾದಿ ಬೇರೆ. 1921ರ ಮೊದಲ ಪ್ರದರ್ಶನದಲ್ಲಿ ಚೀನೀ ಮಾದರಿಯ ನಿರ್ದೋಷವಾದ ಮೆರುಗುಗಳಿಂದ ಒಮ್ಮೆಲೇ ಕೀರ್ತಿ ಪಡೆದ ಅವರು, ಯಾನಾಗಿಯವರ ಸಂಪರ್ಕದ ನಂತರ ಆ ಪಾಂಡಿತ್ಯವನ್ನು ಬದಿಗೊತ್ತಿ ಅಂಕಿತ ಹಾಕುವುದನ್ನೂ ನಿಲ್ಲಿಸಿದರು. 1957ರ ಮಿಲಾನ್ ತ್ರೈವಾರ್ಷಿಕದ ಮಹಾಪ್ರಶಸ್ತಿ ಮಿತ್ರರು ಕಳಿಸಿದ ಕೃತಿಗೆ ಸಂದದ್ದು. ‘ಜೀವಂತ ರಾಷ್ಟ್ರೀಯ ನಿಧಿ’ ಎಂಬ ಗೌರವವನ್ನೂ ಸಂಸ್ಕೃತಿ ಪದಕವನ್ನೂ ಅವರು ಒಲ್ಲೆನೆಂದರು. ಹೆಸರಿನ ವಿಷಯದಲ್ಲಿ ನಾಲ್ವರಲ್ಲಿ ಅತ್ಯಂತ ನಿಷ್ಠುರರು ಅವರೇ. ವಿಚಿತ್ರವೆಂದರೆ, ಯುದ್ಧಾನಂತರದ ಅವರ ಕೃತಿಗಳು ಯಾವ ಅಡುಗೆಮನೆಗೂ ಸಲ್ಲುವಂಥವಲ್ಲ. ಓರೆಕೋರೆ ಅಂಚಿನ, ಸಿಡಿಸಿದ ಬಣ್ಣಗಳ ಆ ದಪ್ಪ ಹೂದಾನಿಗಳನ್ನು ನೂರರ ನಡುವೆ ಇಟ್ಟರೂ ಕವಾಯಿಯವರವೆಂದು ಗುರುತಿಸಬಹುದು. ಸಹಿಯನ್ನು ಬುಡದಿಂದ ಅಳಿಸಿದ ಕೈ ಅದನ್ನು ಪಾತ್ರೆಯ ಮೈತುಂಬ ಬರೆಯಿತು.

ಈ ಗೊಂದಲವನ್ನು ಮೊದಲು ಕಂಡವರು ತೊಮಿಮೊತೊ. ವಿದ್ಯಾವಂತ ಕಲಾವಿದ ಹಳ್ಳಿಯ ಕುಂಬಾರನಂತೆ ನಟಿಸಲಾರ ಎಂಬುದು ಅವರ ನಿಲುವು. ಹಳೆಯ ಚಿತ್ತಾರದಿಂದ ಹೊಸ ಚಿತ್ತಾರ ಕದಿಯಬಾರದು, ಪ್ರಕೃತಿಯನ್ನು ನೇರವಾಗಿ ನೋಡಿಯೇ ಬರೆಯಬೇಕೆಂಬ ನಿಯಮ ಹಾಕಿಕೊಂಡ ಅವರು ಮಿಂಗೇಯಿ ಬಳಗದಿಂದ ದೂರ ಸರಿದರು. ಆಂದೋಲನದ ಇತಿಹಾಸಗಳು ಅವರನ್ನು ವ್ಯಕ್ತಿವಾದಿಯೆಂದು ಎರಡು ಸಾಲಿನಲ್ಲಿ ಮುಗಿಸುವುದುಂಟು. ಆದರೆ ಶಿಗರಾಕಿ, ಹಾಸಾಮಿ ಮೊದಲಾದ ಕೇಂದ್ರಗಳಿಗೆ ಹೋಗಿ, ಅಲ್ಲಿನ ಕೆಲಸಗಾರರು ಮಾಡಿದ ಅಗ್ಗದ ಪಾತ್ರೆಗಳ ಮೇಲೆ ಚಿತ್ತಾರ ಬರೆದು, ಒಳ್ಳೆಯ ತಟ್ಟೆಯನ್ನು ಸಾಮಾನ್ಯ ಮನೆಗೆ ಮುಟ್ಟಿಸಲು ಯತ್ನಿಸಿದವರು ಇದೇ ತೊಮಿಮೊತೊ. ಜನರ ಹೆಸರಿನಲ್ಲಿ ಮಾಡಿದ ಪಾತ್ರೆ ಸಂಗ್ರಾಹಕರ ಕಪಾಟು ಸೇರುತ್ತಿದ್ದಾಗ, ತನ್ನ ಹೆಸರನ್ನು ಬಿಡದವರು ಜನರ ಊಟದ ಮೇಜಿನ ಲೆಕ್ಕ ಹಾಕುತ್ತಿದ್ದರು.

1950ರ ಸಾಂಸ್ಕೃತಿಕ ಸಂಪತ್ತಿನ ರಕ್ಷಣಾ ಕಾಯಿದೆಗೆ 1954ರಲ್ಲಿ ತಿದ್ದುಪಡಿಯಾಗಿ, ಮರುವರ್ಷ ಪರಂಪರಾಗತ ಕೌಶಲಗಳ ಧಾರಕರನ್ನು ಸರ್ಕಾರ ಗುರುತಿಸತೊಡಗಿತು. ಪಿಂಗಾಣಿಯ ಮೇಲಿನ ಬಣ್ಣದ ಚಿತ್ತಾರಕ್ಕೆ ತೊಮಿಮೊತೊ, ಶಿನೊ ಪಾತ್ರೆಗೆ ಅರಾಕಾವಾ ತೊಯೊಜೊ ಆಯ್ಕೆಯಾದರು. ಹಮಾದಾ ಆಯ್ಕೆಯಾದದ್ದು ‘ಮಿಂಗೇಯಿ ಕುಂಭಕಲೆ’ ಎಂಬ ವಿಭಾಗದಲ್ಲಿ. ಅನಾಮಿಕರ ಕಲೆಗೆ ರಾಜ್ಯವು ಹೀಗೆ ನಾಮಾಂಕಿತ ಧಾರಕರೊಬ್ಬರನ್ನು ನೇಮಿಸಿತು. (ಮಿಂಗೇಯಿ ಬಳಗವನ್ನು ಹರಿತವಾಗಿ ಟೀಕಿಸುತ್ತಿದ್ದ, ತಾವೇ ಬಡಿಸುವ ಊಟಕ್ಕಾಗಿ ಪಾತ್ರೆ ಮಾಡುತ್ತಿದ್ದ ಕಿತಾಓಜಿ ರೊಸಾಂಜಿನ್ ಕೂಡ ಈ ಗೌರವವನ್ನು ನಿರಾಕರಿಸಿದರು, ಅಲ್ಲಿ ವಿನಯದ ಸೋಂಕೂ ಇರಲಿಲ್ಲ.)

ಈ ಎಲ್ಲ ಚರ್ಚೆಯ ಹೊರಗೆ ಕುಳಿತು ಕೆಲಸ ಮಾಡಿದವರು ಮಾಶಿಕೊದ ಮಿನಾಗಾವಾ ಮಾಸು (1874-1960). ಬಾಲ್ಯದಲ್ಲೇ ಕುಂಚ ಹಿಡಿದ ಈ ಹೆಣ್ಣುಮಗಳು ಚಹಾ ಹೂಜಿಗಳ ಮೇಲೆ ಬೆಟ್ಟ, ನೀರು, ಮನೆಗಳ ಒಂದೇ ಬಗೆಯ ಚಿತ್ರವನ್ನು ದಿನಕ್ಕೆ ನೂರಾರು ಸಂಖ್ಯೆಯಲ್ಲಿ ಬರೆಯುತ್ತಿದ್ದರು. ಯಾನಾಗಿಯವರ ಸಿದ್ಧಾಂತಕ್ಕೆ ಇದಕ್ಕಿಂತ ಜೀವಂತ ಪುರಾವೆ ಬೇಕಿರಲಿಲ್ಲ. ಎಣಿಕೆಯ ಮೇಲೆ ಬದುಕಿದ ಕೈ ಅನಗತ್ಯವಾದ ಗೆರೆಗಳನ್ನು ಒಂದೊಂದಾಗಿ ಉದುರಿಸುತ್ತ ಬಂದು ಉಳಿಸಿದ್ದು ಮಾತ್ರ ಹೂಜಿಯ ಮೇಲಿದೆ. ಆ ವೇಗದ ನಿರಾಳತೆ ಹಮಾದಾ ಅವರ ಕಬ್ಬಿನ ಸೋಗೆಯಲ್ಲೂ ಸದಾ ಸಿಗುವುದಿಲ್ಲ. ಮಿಂಗೇಯಿ ಬಳಗದ ಮೆಚ್ಚುಗೆಯಿಂದಲೇ ಅವರ ಹೆಸರು ಹೊರಜಗತ್ತಿಗೆ ತಿಳಿಯಿತು. 1947ರಲ್ಲಿ ಮಾಶಿಕೊಗೆ ಬಂದ ಚಕ್ರವರ್ತಿ ಈ ಮುದುಕಿಯ ಚಿತ್ರವನ್ನು ಕುರಿತು ಪದ್ಯವನ್ನೂ ರಚಿಸಿದರು. ಅಷ್ಟು ಹೊತ್ತಿಗೆ ಲೋಹದ ಕೆಟಲುಗಳು ಅಡುಗೆಮನೆಯನ್ನು ಹೊಕ್ಕು ಮಣ್ಣಿನ ಹೂಜಿಯ ಬೇಡಿಕೆ ಕುಸಿಯುತ್ತಿತ್ತು. ಮುಂದೆ ಮಾಶಿಕೊವನ್ನು ಉಳಿಸಿದ್ದು ಹಮಾದಾ ಎಂಬ ಹೆಸರು. ಅದನ್ನರಸಿ ಬಂದ ಕೊಳ್ಳುಗರು ಮತ್ತು ಹೊರಗಿನಿಂದ ಬಂದು ನೆಲೆಸಿದ ಕಲಾವಿದರಿಂದ ಹಳ್ಳಿ ಮತ್ತೆ ಬೆಳೆಯಿತು. 2011ರ ಮಾರ್ಚ್ ಭೂಕಂಪದಲ್ಲಿ ಕುಸಿದ ಹಮಾದಾ ಅವರ ದೊಡ್ಡ ಆವಿಗೆಯನ್ನು ದುರಸ್ತಿಗೊಳಿಸಿ 2015ರಲ್ಲಿ ಮತ್ತೆ ಉರಿ ಹಾಕಿದವರೂ ಅವರೇ. ಮಾಸು ಅವರ ಹೂಜಿಗಳಲ್ಲಿ ಹೆಚ್ಚಿನವು ಚಹಾ ಕುದಿಸುತ್ತಲೇ ಒಡೆದುಹೋಗಿವೆ.