ಡಬ್ಬಿಯ ಮೇಲಿನ ವಾಟು, ಮನೆಯೊಳಗಿನ ಮಾತು

ಆಂಧ್ರದ ಗಡಿಯ ಬೆಳುಗುಪ್ಪ, ಕಣೇಕಲ್ಲು, ರಾಯದುರ್ಗದ ಕಡೆಯವರು ಮನೆಗೆ ಹೋಂ ಥಿಯೇಟರ್ ತರಲು ಬಳ್ಳಾರಿಗೋ ಅನಂತಪುರಕ್ಕೋ ಹೋಗುತ್ತಾರೆ. ಬರುವಾಗ ಬಸ್ಸಿನಲ್ಲಿ ಒಂದೇ ಡಬ್ಬಿ ಇರುತ್ತದೆ; ಒಳಗೆ ಐದು ಪುಟ್ಟ ಸ್ಪೀಕರ್, ಒಂದು ಬೇಸ್ ಪೆಟ್ಟಿಗೆ. ಮಳೆಯನ್ನು ನಂಬಲಾಗದ ಸೀಮೆಯಲ್ಲಿ ಶೇಂಗಾ ಕೈಹತ್ತಿದ ವರ್ಷ ಕೂಡಿಸಿದ ದುಡ್ಡು ಅದು. ಆದ್ದರಿಂದ ಈ ಖರೀದಿಯ ಪದ್ಧತಿಯನ್ನು ಗಂಭೀರವಾಗಿ ತೂಗಿ ನೋಡಬೇಕು. ನನ್ನ ತೀರ್ಪು ಇಷ್ಟು: ಆ ಡಬ್ಬಿ ಸದ್ದು ಕೊಡುತ್ತದೆ, ಮಾತು ಕೊಡುವುದಿಲ್ಲ.

ಡಬ್ಬಿಯ ಮೇಲೆ ಸಾವಿರಗಟ್ಟಲೆ ವಾಟು ಅಚ್ಚಾಗಿರುತ್ತದೆ, ಪಕ್ಕದಲ್ಲಿ ಪಿಎಂಪಿಒ ಎಂದು. ಆ ಅಳತೆಗೆ ಎಲ್ಲರೂ ಒಪ್ಪಿದ ಲೆಕ್ಕವೇ ಇಲ್ಲ. ಕ್ಷಣಮಾತ್ರದ ಸದ್ದನ್ನು ಯಾರು ಹೇಗೆ ಎಣಿಸಿದರೂ ನಡೆಯುತ್ತದೆ. ನೋಡಬೇಕಾದದ್ದು ಆರ್‌ಎಂಎಸ್, ಅಂದರೆ ಒಂದೇ ಸಮನೆ ಕೊಡಬಲ್ಲ ಶಕ್ತಿ. ಅದನ್ನು ಬರೆದಿಲ್ಲವಾದರೆ ಪೆಟ್ಟಿಗೆಯ ಹಿಂಬದಿಯ ತಗಡಿನ ಪಟ್ಟಿ ಓದಿ. ಗೋಡೆಯಿಂದ 60 ವಾಟು ಎಳೆಯುವ ಯಂತ್ರ ಒಂದೇ ಸಮನೆ 60ಕ್ಕಿಂತ ಹೆಚ್ಚು ಕೊಡಲಾರದು. ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಪರೀಕ್ಷೆ ಇದು.

ಎರಡನೆಯ ಕೊರತೆ ಇದಕ್ಕಿಂತ ದೊಡ್ಡದು. ಅಗ್ಗದ 5.1 ಸೆಟ್‌ಗಳಲ್ಲಿ ಬಹಳಷ್ಟಕ್ಕೆ ಡಾಲ್ಬಿ ಡಿಕೋಡರೇ ಇರುವುದಿಲ್ಲ. ಟಿವಿಯಿಂದ ಬರುವ ಎಡ-ಬಲದ ಎರಡು ದನಿಗಳನ್ನೇ ಐದೂ ಸ್ಪೀಕರಿಗೆ ಹಂಚಿಬಿಡುತ್ತವೆ. ಸಿನಿಮಾದವರು 5.1 ಮಾಡಿದಾಗ ಮಾತಿಗೆ ನಡುವಿನ ಚಾನೆಲ್, ಪರಿಸರದ ಸದ್ದಿಗೆ ಪಕ್ಕದವು, ಗುಡುಗಿಗೆ ಬೇರೆಯೇ ಒಂದು ಚಾನೆಲ್ ಎಂದು ಬಿಡಿಸಿ ಇಟ್ಟಿರುತ್ತಾರೆ. ಇಲ್ಲಿ ಎಲ್ಲವೂ ಕಲಸಿಹೋಗುತ್ತದೆ, ನಾಯಕನ ಮಾತು ಬೆನ್ನ ಹಿಂದಿನಿಂದಲೂ ಕೇಳಿಸುತ್ತದೆ. ಐದು ಸ್ಪೀಕರಿನ ದುಡ್ಡು ಕೊಟ್ಟು ಎರಡರ ಕೆಲಸ ಪಡೆದಂತಾಯಿತು.

ಗಡಿನಾಡಿನ ಮನೆಗೆ ಮಾತು ಕೇಳುವುದು ಸಣ್ಣ ವಿಷಯವಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂಜೆ ಟಿವಿಯಲ್ಲಿ ಎರಡೂ. ಬಳ್ಳಾರಿ ರಾಘವ 1880ರಲ್ಲಿ ಹುಟ್ಟಿದ್ದು ಈಗಿನ ಅನಂತಪುರ ಜಿಲ್ಲೆಯ ತಾಡಿಪತ್ರಿಯಲ್ಲಿ. ಎರಡೂ ಭಾಷೆಯ ರಂಗಭೂಮಿಯಲ್ಲಿ ನಿಂತ ನಟ. ಮಾತನ್ನು ಕಿವಿಗೊಟ್ಟು ಕೇಳುವ ರೂಢಿ ಈ ನೆಲಕ್ಕೆ ಹೊಸದಲ್ಲ. ಸ್ಪೀಕರ್ ಪರೀಕ್ಷಿಸಲು ನಾನು ಹಾಕುವುದು ರಾಮ್ ರೆಡ್ಡಿಯವರ ‘ತಿಥಿ’ ಚಿತ್ರ. ನಟನೆಯ ಕಸುಬಿನವರಲ್ಲದ ಹಳ್ಳಿಗರು ಅದರಲ್ಲಿ ತಮ್ಮದೇ ಮಂಡ್ಯದ ಕನ್ನಡ ಆಡುತ್ತಾರೆ. ಅದರ ಗಡ್ಡಪ್ಪನ ಮಾತು ಸಬ್‌ಟೈಟಲ್ ನೋಡದೆ ತಿಳಿದರೆ ಸ್ಪೀಕರ್ ಪಾಸು. ‘ಕಾಂತಾರ’ ಚಿತ್ರದ ಕೊನೆಯ ಕೂಗು ಎಂಥ ಪೆಟ್ಟಿಗೆಯಲ್ಲೂ ಜೋರಾಗಿಯೇ ಕೇಳುತ್ತದೆ, ಅದರಿಂದ ಸ್ಪೀಕರಿನ ಗುಣ ತಿಳಿಯದು.

ಹಾಗಾದರೆ ಸುಮಾರು ನಲವತ್ತು ಸಾವಿರ ಇಟ್ಟುಕೊಂಡವರು ಏನು ಮಾಡಬೇಕು? ಐದನ್ನೂ ಒಟ್ಟಿಗೆ ಕೊಳ್ಳುವ ಹಟ ಬಿಡಬೇಕು. ಅರ್ಧದಷ್ಟು ಹಣ ಮುಂಬದಿಯ ಎರಡು ಬುಕ್‌ಶೆಲ್ಫ್ ಸ್ಪೀಕರಿಗೆ ಹೋಗಲಿ. ಐದೂಕಾಲು ಅಥವಾ ಆರೂವರೆ ಇಂಚಿನ ಕೋನ್, ಎಂಟು ಓಮ್, ಸೆನ್ಸಿಟಿವಿಟಿ 88 ಡೆಸಿಬೆಲ್ ಸುತ್ತಮುತ್ತ. ಈ ಕೊನೆಯ ಅಂಕಿಯನ್ನು ಅಂಗಡಿಯವರು ತಾವಾಗಿ ಹೇಳುವುದಿಲ್ಲ, ಕೇಳಿ ತಿಳಿಯಬೇಕು. 88 ಇರುವ ಸ್ಪೀಕರ್ ಒಂದೇ ವಾಟಿಗೆ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು ಕೊಡುತ್ತದೆ. ಬಯಲಿನಲ್ಲಾದರೆ ಮೂರು ಮೀಟರ್ ಆಚೆ ಅದು 78ಕ್ಕೆ ಇಳಿಯುತ್ತದೆ, ಕೋಣೆಯೊಳಗೆ ಇನ್ನೂ ಕಡಿಮೆ ಇಳಿಯುತ್ತದೆ. ಸಾಮಾನ್ಯ ಮಾತುಕತೆ 60ರ ಆಸುಪಾಸು. ವಾಟು ಇಮ್ಮಡಿಯಾದರೆ ಏರುವುದು ಮೂರೇ ಡೆಸಿಬೆಲ್, ಆದ್ದರಿಂದ 16 ವಾಟಿಗೆ 90 ದಾಟುತ್ತದೆ. ನಡುಮನೆಗೆ ನಿಜವಾದ ಇಪ್ಪತ್ತು ವಾಟು ಧಾರಾಳ.

ಈ ಸ್ಪೀಕರುಗಳನ್ನು ನಡೆಸುವ ರಿಸೀವರ್ ವಿಷಯದಲ್ಲಿ ನಾನು ಸೆಕೆಂಡ್‌ಹ್ಯಾಂಡಿನ ಪರ. ಯಮಹಾ, ಡೆನಾನ್, ಒಂಕ್ಯೋ ಕಂಪನಿಗಳ 5.1 ರಿಸೀವರ್‌ಗಳನ್ನು ಹೊಸ ಮಾದರಿ ಬಂತೆಂದು ಮಾರುವವರು ಬೆಂಗಳೂರಿನಲ್ಲಿ ಸಿಗುತ್ತಾರೆ. ಎಚ್‌ಡಿಎಂಐ ಎಆರ್‌ಸಿ ಇರಲೇಬೇಕು. ಟಿವಿಯೊಳಗಿನ ಆ್ಯಪ್‌ನ 5.1 ಸದ್ದು ಒಂದೇ ಕೇಬಲ್ಲಿನಲ್ಲಿ ರಿಸೀವರಿಗೆ ಬರುವುದು ಅದರಿಂದ. ಯಮಹಾದ ವೈಪಿಎಒದಂತೆ ಮೈಕ್ ಇಟ್ಟು ಕೋಣೆಯನ್ನು ಅಳೆಯುವ ಸೌಲಭ್ಯವಿದ್ದರೆ ಮೈಕ್ ಜೊತೆಗೇ ಕೇಳಿ ಪಡೆಯಿರಿ. ಮೇಲಿನಿಂದಲೂ ಸದ್ದು ಕೊಡುವ ಅಟ್ಮಾಸ್ ಇಲ್ಲವೆಂದು ಕೊರಗಬೇಡಿ, ತಲೆಯ ಮೇಲೆ ಸ್ಪೀಕರ್ ತೂಗುಹಾಕುವ ಖರ್ಚು ಈ ಲೆಕ್ಕದಲ್ಲಿ ಕೂರುವುದಿಲ್ಲ. ಹಳೆಯ ಸ್ಪೀಕರ್ ಕೊಳ್ಳುವಾಗ ಮಾತ್ರ ಕೋನಿನ ಅಂಚನ್ನು ಬೆರಳಿಂದ ಮೆಲ್ಲಗೆ ಮುಟ್ಟಿ ನೋಡಿ. ರಬ್ಬರ್ ಬಾಳುತ್ತದೆ, ಫೋಮ್ ವರ್ಷಗಳು ಕಳೆದಂತೆ ಪುಡಿಯಾಗುತ್ತದೆ.

ಇನ್ನು ಕೋಣೆ. ತಾಡಿಪತ್ರಿಯ ಕರಿಬಂಡೆಯ ನೆಲ, ಸುಣ್ಣ ಬಳಿದ ಬರಿ ಗೋಡೆ, ಮೇಲೆ ಆರ್‌ಸಿಸಿ: ಬೇಸಿಗೆಗೆ ತಂಪಾದ ಈ ನೆಲ ಸದ್ದನ್ನು ಹೀರದೆ ಹಿಂದಕ್ಕೆ ಎಸೆಯುತ್ತದೆ, ಮಾತಿನ ವ್ಯಂಜನಗಳು ಅಳಿಸುತ್ತವೆ. ಉದ್ದ, ಅಗಲ, ಎತ್ತರ ಮೂರೂ ಹತ್ತು ಅಡಿಯಿದ್ದರಂತೂ 56 ಹರ್ಟ್ಜ್ ಹತ್ತಿರದ ದನಿ ಮೂರು ದಿಕ್ಕಿನಿಂದ ಒಂದರ ಮೇಲೊಂದು ಕೂಡಿ ಗುಂಯ್‌ಗುಡುತ್ತದೆ. ಇದಕ್ಕೆ ದುಬಾರಿ ಕೇಬಲ್ ಮದ್ದಲ್ಲ. ಮನೆಯಲ್ಲೇ ಇರುವ ದಪ್ಪ ಕಂಬಳಿಯನ್ನು ಸ್ಪೀಕರಿಗೂ ಕೂರುವ ಜಾಗಕ್ಕೂ ನಡುವೆ ಹಾಸಿ, ಹಿಂದಿನ ಗೋಡೆಗೆ ಎರಡು ಕೌದಿ ತೂಗುಹಾಕಿ. ಬಳ್ಳಾರಿಯ ಜೀನ್ಸ್ ಹೊಲಿಗೆಯ ಚಿಂದಿಯನ್ನು ನಾಲ್ಕು ಇಂಚು ದಪ್ಪಕ್ಕೆ ತುಂಬಿದ ಚೌಕಟ್ಟು ಇನ್ನೂ ಚೆನ್ನಾಗಿ ಹೀರುತ್ತದೆ. ಹತ್ತಿಯ ನಾರಿಗೆ ಆ ಗುಣವಿದೆ. ಬೇಸಿನ ಗುಂಯ್‌ಕಾರ ಇವುಗಳಿಗೆ ಅಷ್ಟಾಗಿ ಬಗ್ಗದು, ಮಾತು ಮಾತ್ರ ತಿಳಿಯಾಗುತ್ತದೆ. ನಾನಾದರೆ ರಿಸೀವರಿನ ಬೆಲೆಯಲ್ಲಿ ಎರಡು ಸಾವಿರ ಉಳಿಸಿಯಾದರೂ ಇದನ್ನು ಮಾಡಿಸುತ್ತೇನೆ.

ಕರೆಂಟಿನ ಮಾತು ಚುಟುಕಾಗಿ: ಅಗ್ಗದ ಚೌಕ ಅಲೆಯ ಇನ್ವರ್ಟರಿನಲ್ಲಿ ಸ್ಪೀಕರ್ ಝೇಂಕರಿಸುತ್ತದೆ, ಸೈನ್ ವೇವ್‌ನದೇ ಬೇಕು. ಅರ್ಥಿಂಗ್ ಸರಿಯಿರಲಿ. ರಿಸೀವರಿನ ಮೇಲೆ ಬಟ್ಟೆ ಹೊದಿಸಬೇಡಿ, ಬಿಸಿ ಹೊರಹೋಗಬೇಕು. ಧೂಳನ್ನು ಆಗಾಗ ಬ್ರಷ್‌ನಿಂದ ತೆಗೆಯಿರಿ.

ಮುಂದಿನ ಬೆಳೆಗೆ ನಡುವಿನ ಸ್ಪೀಕರ್ ಬರಲಿ, ಮುಂಬದಿಯ ಎರಡರ ಕಂಪನಿಯದೇ, ಅದೇ ಸಾಲಿನದು. ಆಮೇಲೆ ಸಬ್‌ವೂಫರ್, ಪಕ್ಕದ ಎರಡು ಎಲ್ಲಕ್ಕಿಂತ ಕೊನೆಗೆ. ಸಬ್‌ವೂಫರ್ ತಂದ ದಿನ ಅದನ್ನು ನೀವು ಕೂರುವ ಜಾಗದಲ್ಲಿಟ್ಟು, ಬೇಸ್ ಇರುವ ಹಾಡು ಹಾಕಿ, ಗೋಡೆಯ ಬುಡದಲ್ಲಿ ಬಗ್ಗಿ ನಡೆಯುತ್ತ ಆಲಿಸಿ. ಎಲ್ಲಿ ಸದ್ದು ಉಬ್ಬದೆ ಕುಗ್ಗದೆ ಒಂದೇ ಸಮ ಕೇಳುತ್ತದೋ ಪೆಟ್ಟಿಗೆಯನ್ನು ಅಲ್ಲಿಗೆ ಸರಿಸಿ, ಬೇಸನ್ನು ಸಬ್‌ವೂಫರಿಗೆ ಬೇರ್ಪಡಿಸುವ ರಿಸೀವರಿನ ಕ್ರಾಸ್‌ಓವರನ್ನು 80 ಹರ್ಟ್ಜ್‌ಗೆ ಇಡಿ.